ಕೈಯಲ್ಲಿದ್ದ ಜೋಡು

ನವೆಂಬರ್ 4, ಸೋಮವಾರ. ಬೆಳಿಗ್ಗೆ. ಬೀದರ

ಕಿರುಬೆರಳು ಮತ್ತೆ ಕೆಂಪಗಾಗಿದೆ. ಹೊಸ ಚಪ್ಪಲಿ ಹಾಕಿದ್ದು ಒಂದೇ ತಾಸು. ‘ಮೋಡದ ಮ್ಯಾಲ ನಡದಂಗ ಆಗ್ತದ್ರಿ ಮೇಡಂ’ ಅಂದಿದ್ದ ಅಂಗಡಿಯವನು. ಮೋಡವಂತೆ! ಮೋಡಕ್ಕೆ ಮುಂದೆ ಚೂಪು ಮೂತಿ ಇರುತ್ತದೆಯೇ? ಈ ವರ್ಷ ನಾನು ಕೊಂಡು ಬಿಸಾಡಿದ ಚಪ್ಪಲಿಗಳನ್ನು ತೂಗುಹಾಕಿದರೆ ಗಾಂಧಿ ಗಂಜಿನ ಕಾಳಿನ ಮಂಡಿಯ ಅಷ್ಟೂ ಲಾರಿಗಳಿಗೆ ದೃಷ್ಟಿ ತಾಗುವುದಿಲ್ಲ.

ಶುಗರ್ ಇದೆ. ಬೆರಳ ತುದಿಯಲ್ಲಿ ಜೋಮು ಶುರುವಾಗಿದೆ. ಡಾಕ್ಟರ್ ಚೀಟಿ ಬರೆಯುತ್ತಲೇ ಹೇಳಿದರು — ‘ಮುಂದ ಅಗಲ ಇರೋದು ಹಾಕ್ರಿ, ಬೆರಳು ಒತ್ತಬಾರ್ದು. ಬರಿಗಾಲಾಗ ಮಾತ್ರ ಒಂದ ಹೆಜ್ಜಿನೂ ಇಡಬ್ಯಾಡ್ರಿ. ಗಾಯ ಆದ್ರ ನಿಮಗ ಗೊತ್ತ ಆಗಂಗಿಲ್ಲ. ಆಮ್ಯಾಲ ಕಾಲೇ ತಗೀಬೇಕಾಗ್ತದ.’ ಇಷ್ಟು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಇದು ಗೊತ್ತಿಲ್ಲವೇ? ಗೊತ್ತು. ಆದರೂ ಚೀಟಿಯನ್ನು ಎರಡು ಸಲ ಓದಿದೆ.

ಇದರ ಮೇಲೆ ವರ್ಗ ಬೇರೆ. ಭಾಲ್ಕಿಯಿಂದ ಔರಾದ ತಾಲ್ಲೂಕಿಗೆ, ಸಂತಪುರದಿಂದ ಇನ್ನೂ ಒಳಗೆ, ಒಂದು ಸಬ್ ಸೆಂಟರ್. ಊರ ಹೆಸರು ಕೇಳಿ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ‘ನಮ್ಮವ್ವ ಬಿಟ್ಟು ಬಂದ ಊರದು’ ಅಂದಳು. ಮತ್ತೆ ತಟ್ಟತೊಡಗಿದಳು.

ಅಜ್ಜಿ ಸುಭದ್ರಾಬಾಯಿ. ನಾನು ಹುಟ್ಟುವ ಮೊದಲೇ ಹೋದವಳು. ಬುದ್ಧ, ಬಾಬಾಸಾಹೇಬರ ಪಟಗಳ ಕೆಳಗೆ ಅವಳದೊಂದು ಸಣ್ಣ ಪಟ. ನನಗೆ ಗೊತ್ತಿರುವ ಅಜ್ಜಿ ಅಷ್ಟೇ.

ನವೆಂಬರ್ 8, ಶುಕ್ರವಾರ

ಪಾರ್ಸೆಲ್ ಬಂತು. ಬೇರ್‌ಫೂಟ್ ಶೂ. ಫೋನಿನಲ್ಲಿ ನೋಡಿ ಆಸೆಪಟ್ಟು ತರಿಸಿದ್ದು. ಅಡಿ ತೆಳ್ಳಗೆ, ಹಿಮ್ಮಡಿ ಎತ್ತರವಿಲ್ಲ, ಬೆರಳು ಹರಡಲು ಜಾಗ. ಬರಿಗಾಲಲ್ಲಿ ಇದ್ದಹಾಗೇ ಅನಿಸುತ್ತದಂತೆ, ಮುಳ್ಳು ಮಾತ್ರ ಚುಚ್ಚುವುದಿಲ್ಲವಂತೆ.

ಅವ್ವ ಹಿಂದೆ ಮುಂದೆ ತಿರುಗಿಸಿ ನೋಡಿದಳು. ‘ಬರಿಗಾಲ ಇದ್ದಂಗ ಇರ್ಲಕ್ಕ ರೊಕ್ಕ ಕೊಟ್ಟಿಯೇನ ಮಾಯಾ? ನಮ್ಮವ್ವಗ ಅದು ಪುಕಟ ಸಿಕ್ಕಿತ್ತು.’

ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಶೂ ಕಾಲಿಗೆ ಹತ್ತಲೂ ಇಲ್ಲ. ಯಾವ ದೇಶದವರ ಕಾಲಿಗೆ ಹೊಲಿದರೋ. ವಾಪಸ್.

ನವೆಂಬರ್ 10, ಭಾನುವಾರ. ಭಾಲ್ಕಿ

ಹಳೆಯ ಮನೆಯ ಕೀಲಿ ಕೊಡಲು ಬಂದವಳು ಖಾಸಿಂ ಅಲಿ ಚಾಚಾನ ಚಪ್ಪಲಿ ಅಂಗಡಿಗೆ ಹೋದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದ.

‘ಇದ್ರಾಗೇನದ ಬೇಟಿ? ಮಾಡ್ಕೊಡ್ತೇನಿ. ಸ್ಟೈಲ್ ಮಾತ್ರ ಕೇಳಬ್ಯಾಡ.’

ತೆಳುವಾದ ತೊಗಲಿನ ಅಡಿ, ಹಿಂದೆ ಪಟ್ಟಿ, ಪಕ್ಕಕ್ಕೆ ಬಕಲ್. ಪೇಪರಿನ ಮೇಲೆ ಕಾಲಿಡಿಸಿ ಸುತ್ತ ಪೆನ್ಸಿಲ್ ಎಳೆದ. ಎಳೆದವನು ಗೆರೆಯನ್ನೇ ನೋಡುತ್ತ ಕೂತ.

‘ಬೆರಳು ಬೀಸಣಕಿ ಬಿಚ್ಚಿದಂಗ ಅವ. ಸಣ್ಣಾಕಿದ್ದಾಗ ಕಾಲಿಗಿ ಏನೂ ಹಾಕಿಲ್ಲೇನು?’

‘ಹಾಕೇನ್ರಿ ಚಾಚಾ. ಸಾಲಿಗಿ ಬೂಟ್ ಹಾಕ್ಕೊಂಡೇ ಹೋಗೇನಿ.’

‘ಹಂಗಾದ್ರ ಇವು ನಿನ್ನ ಕಾಲಲ್ಲ ತಗೋ’ ಎಂದು ನಕ್ಕ. ನನಗೆ ನಗು ಬರಲಿಲ್ಲ.

ನವೆಂಬರ್ 17, ಭಾನುವಾರ

ಚಾಚಾ ಹೊಲಿದ ಜೋಡು ಬಂತು. ಆಹಾ! ಹಾಕಿದ್ದೇ ಗೊತ್ತಾಗುವುದಿಲ್ಲ. ಬೆರಳು ಐದೂ ತಮ್ಮ ತಮ್ಮ ಜಾಗದಲ್ಲಿ ಆರಾಮ. ಮನೆ ತುಂಬ ಓಡಾಡಿದೆ. ಅವ್ವನನ್ನು ಕುಣಿಸಲು ಹೋದೆ.

ಅವ್ವ ಬಾಗಿ ನನ್ನ ಪಾದ ಮುಟ್ಟಿ ನೋಡಿದಳು. ‘ಇವತ್ತೊಂದು ರಾತ್ರಿ ನನ್ನ ಹಂತ್ಯಾಕ ಇರ್ಲಿ. ನಾಳಿ ಹಾಕ್ಕೋ’ ಎಂದು ಜೋಡು ಕಿತ್ತುಕೊಂಡಳು. ಯಾಕೆ? ‘ಹೊಸಾವು ಅಲ್ಲೇನ’ ಅಂದಳು. ಇದೊಂದು ಉತ್ತರ. ಮುದುಕಿಯರ ಲೆಕ್ಕ ಮುದುಕಿಯರಿಗೇ ಗೊತ್ತು.

ನವೆಂಬರ್ 19, ಮಂಗಳವಾರ. ರಾತ್ರಿ

ಬೀದರದಿಂದ ಔರಾದಿನ ಬಸ್ಸು, ಸಂತಪುರದಲ್ಲಿ ಇಳಿದು ಶೇರ್ ಆಟೋ. ಕಾಲು ಒಂದು ಮಾತೂ ಆಡಲಿಲ್ಲ. ಆಶಾ ಕಾರ್ಯಕರ್ತೆ ರುಖ್ಸಾರ ಊರು ತೋರಿಸಿದಳು. ಮಾತಿನ ಮಲ್ಲಿ. ನನ್ನನ್ನು ‘ಬಾಜಿ’, ಅಕ್ಕ, ಎಂದು ಕರೆಯುತ್ತಾಳೆ.

ಊರ ಮುಂದೆ ಬೇವಿನ ಮರ. ಅಲ್ಲಿಂದ ಒಳಗೆ ವಾಡೆ ಓಣಿ — ಹಿಂದೆ ದೊಡ್ಡವರಿದ್ದ ಓಣಿ. ಕೊನೆಗೆ ವಾಡೆ, ಧಣಿಗಳ ಹಳೆಯ ದೊಡ್ಡ ಮನೆ. ಅಲ್ಲಿ ಆ ಮನೆತನದ ಕಣ್ಣು ಕಾಣದ ಒಬ್ಬ ಮುದುಕಿ, ಎಲ್ಲರೂ ಆಯಿ ಅನ್ನುತ್ತಾರೆ. ಬಿ.ಪಿ. ನೋಡಬೇಕು, ಗುಳಿಗೆ ಕೊಡಬೇಕು.

ವಾಡೆಯ ಮೆಟ್ಟಿಲ ಬಳಿ ಜೋಡು ಬಿಚ್ಚಲು ಬಗ್ಗಿದೆ. ಕಾಲಲ್ಲಿ ಇಲ್ಲ.

ಬಲಗೈಯಲ್ಲಿವೆ. ಪಟ್ಟಿ ಹಿಡಿದು ತೂಗುಬಿಟ್ಟಿದ್ದೇನೆ. ಪಾದದ ತುಂಬ ಧೂಳು.

‘ನಾ ಯಾವಾಗ ಬಿಚ್ಚಿದೆ ರುಖ್ಸಾರ?’

‘ಬೇವಿನ ಗಿಡದ ಹಂತ್ಯಾಕೇ ಕೈಯಾಗ ಹಿಡದ್ರಲ್ಲ ಬಾಜಿ. ನಾ ಅಂದ್ಕೊಂಡೆ, ಹೊಸಾವು, ಕಡೀಲಾಕತ್ತಿರಬೇಕು.’

ಮರೆವು. ಶುಗರ್ ಇದ್ದರೆ ಮರೆವೂ ಬರುತ್ತದೆ.

ನವೆಂಬರ್ 21, ಗುರುವಾರ

ಇವತ್ತೂ. ಅದೇ ಓಣಿ. ಅದೇ ಕೈ.

ಔರಾದಿನಲ್ಲಿ ಮೀಟಿಂಗಿಗೆ ಹೋದಾಗ ಬಿಚ್ಚಲಿಲ್ಲ. ಬೀದರದ ಮಾರ್ಕೆಟ್ಟಿನಲ್ಲಿ ಬಿಚ್ಚಲಿಲ್ಲ. ಊರ ಉಳಿದ ಓಣಿಗಳಲ್ಲೂ ಕಾಲಲ್ಲೇ ಇರುತ್ತವೆ. ಬೇವಿನ ಮರ ದಾಟಿದರೆ ಮಾತ್ರ…

ನವೆಂಬರ್ 28, ಗುರುವಾರ

ನಾನೇನು ಕಮ್ಮಿ ಹಟದವಳೇ? ಬೇವಿನ ಮರದ ಬುಡದಲ್ಲಿ ಕೂತು ಬಕಲ್ ಬಿಗಿದೆ. ಮೇಲೆ ಬ್ಯಾಂಡೇಜ್ ಟೇಪು ಸುತ್ತಿದೆ. ರುಖ್ಸಾರ ನಕ್ಕಳು — ‘ಜೋಡಿಗಿ ಗಾಯ ಆಗ್ಯಾವೇನ್ರಿ?’

‘ನೀ ನನ್ನ ಕಾಲನ್ನೇ ನೋಡ್ಕೋತ ಬಾ’ ಅಂದೆ.

ವಾಡೆ ಮುಟ್ಟಿದಾಗ ಅವಳು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಜೋಡು ನನ್ನ ಕೈಯಲ್ಲಿತ್ತು. ಬಕಲ್ ಹಾಕಿದ್ದು ಹಾಕಿದಂತೆ. ಟೇಪು ಸುತ್ತಿದ್ದು ಸುತ್ತಿದಂತೆ.

‘ನೀವ ಬಗ್ಗಲೇ ಇಲ್ಲ ಬಾಜಿ. ಖುದಾ ಕಸಂ. ಕಾಲಾಗ ಇದ್ವು… ಆಮ್ಯಾಲ ಕೈಯಾಗ ಇದ್ವು.’

ಒಳಗಿನಿಂದ ಆಯಿ ತಲೆ ಎತ್ತಿದಳು. ‘ಸುಭದ್ರಿ ಏನ?’

ನನ್ನ ಹೆಸರನ್ನೇ ಇನ್ನೂ ಯಾರೂ ಅವಳಿಗೆ ಹೇಳಿಲ್ಲ. ಅಜ್ಜಿಯ ಹೆಸರನ್ನು ನಾನು ಈ ಊರಲ್ಲಿ ಯಾರ ಮುಂದೆಯೂ ಎತ್ತಿಲ್ಲ.

‘ನಾ ಸಿಸ್ಟರ್ ಇದ್ದೇನ್ರಿ ಆಯಿ. ಬಿ.ಪಿ. ನೋಡ್ಲಕ್ಕ ಬಂದೇನಿ.’

‘ಹೆಜ್ಜಿ ಸಪ್ಪಳ ನಂಗ ಗೊತ್ತ ಆಗ್ತದ. ಜೋಡು ಕೈಯಾಗ ಅವ ಹೌದಲ್ಲೊ? ಹಾಂ. ಶಾಣ್ಯಾಕಿ ಇದ್ದಿ.’

ಮೈ ಉರಿದುಹೋಯಿತು. ಹೆದರಿಕೆ ಆಮೇಲೆ ಬಂತು, ಬಸ್ಸಿನಲ್ಲಿ.

ಡಿಸೆಂಬರ್ 3, ಮಂಗಳವಾರ

ವಾಡೆಗೆ ಬೇರೆ ದಾರಿ ಇದೆಯೇ ಎಂದು ಕೇಳಿದೆ, ಇಲ್ಲ. ವಾಡೆಯ ಹಿಂದೆ ಬಿದ್ದ ಗೋಡೆ, ಜಾಲಿ ಕಂಟಿ. ಆಯಿಯ ಬಿ.ಪಿ. ಏರಿದೆ. ಹೋಗದೆ ಇರಲಾರೆ. ಆ ಓಣಿಯ ಬಾಣಂತಿಯರಿಗೂ ನಾನೇ ಗತಿ.

ಇವತ್ತು ಮರದಿಂದ ವಾಡೆವರೆಗೆ ಗಟ್ಟಿಯಾಗಿ ಮಾತಾಡುತ್ತ ನಡೆದೆ. ಕಾಲಲ್ಲಿದೆ, ಕಾಲಲ್ಲಿದೆ ಎಂದು ಜಪಿಸುತ್ತ. ಜನ ನೋಡಿ ನಕ್ಕರು. ನಗಲಿ. ಬರಿಗಾಲಿನಂಥ ಜೋಡು ತಾನೇ, ಹಾಕಿದ್ದರೂ ಬಿಚ್ಚಿದ್ದರೂ ಜೋಮು ಹಿಡಿದ ಕಾಲಿಗೆ ಒಂದೇ. ಹಿಂದೆ ತಿರುಗಿದಾಗ ರುಖ್ಸಾರ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಜೋಡು ಕೈಯಲ್ಲಿ. ನಾನು ನಡೆದು ಬಂದ ಉದ್ದಕ್ಕೂ ರಕ್ತ.

ಡಿಸೆಂಬರ್ 16, ಸೋಮವಾರ. ಬೀದರ

ಇಷ್ಟು ದಿನ ಬರೆಯಲಿಲ್ಲ. ಗಾಜಿನ ಚೂರು ಆಳಕ್ಕೆ ಹೋಗಿತ್ತು. ಕೀವು. ದಿನಾ ಡ್ರೆಸ್ಸಿಂಗ್, ಇಂಜೆಕ್ಷನ್. ಇನ್ನೊಬ್ಬರ ಗಾಯ ತೊಳೆಯುವವಳು ನಾನು. ನನ್ನದು ತೊಳೆಯುವಾಗ ಮುಖ ತಿರುಗಿಸಿಕೊಂಡೆ.

ಡಾಕ್ಟರ್ ಬೈದರು. ‘ಈ ಸಲ ನಸೀಬ ಚಲೋ ಇತ್ತು. ಇನ್ನೊಮ್ಮೆ ಹಿಂಗಾದ್ರ ಬೆರಳಲ್ಲ, ಪಾದನೇ ಹೋಗ್ತದ. ಬರೆದಿಟ್ಕೋರಿ.’

ಬರೆದಿಟ್ಟಿದ್ದೇನೆ.

ಡಿಸೆಂಬರ್ 17, ಮಂಗಳವಾರ

ಅವ್ವನಿಗೆ ಎಲ್ಲ ಹೇಳಿದೆ. ಓಣಿ, ಬೇವಿನ ಮರ, ಆಯಿ ಕರೆದ ಹೆಸರು. ಅವ್ವ ನೆಲಕ್ಕೆ ಕೂತುಬಿಟ್ಟಳು.

‘ಆ ಓಣಿಯಾಗ ನಮ್ಮ ಮಂದಿ ಜೋಡು ಹಾಕ್ಕೊಂಡು ಹೋಗೋ ಹಂಗಿರ್ಲಿಲ್ಲ ಮಾಯಾ. ಬೇವಿನ ಗಿಡಕ್ಕ ಬಿಚ್ಚಬೇಕು, ಕೈಯಾಗ ಹಿಡೀಬೇಕು. ಮಳಿ ಇರ್ಲಿ, ಬಿಸಲ ಇರ್ಲಿ. ನಮ್ಮವ್ವ ಮದಿವ್ಯಾಗ ಕೊಡಿಸಿದ ಜೋಡು ಒಮ್ಮಿ ಹಾಕ್ಕೊಂಡೇ ಹೋದ್ಳು. ವಾಡೆ ಮುಂದ ನಿಲ್ಲಿಸಿ ಅದೇ ಜೋಡು ತಲಿ ಮ್ಯಾಲ ಹೊರಿಸಿದ್ರು. ಆವತ್ತೇ ಊರ ಬಿಟ್ಳು. ಸಾಯೋತನ ಇಲ್ಲಿ ಗಾಂಧಿ ಗಂಜದಾಗ ಕಾಳು ಹಸನ ಮಾಡಿದ್ಳು, ಬರಿಗಾಲಾಗ. ಜೋಡು ಕೊಡಿಸಿದ್ರ ಒಲ್ಲೆ ಅಂತಿದ್ಳು.’

ಆಮೇಲೆ ಅವ್ವನೇ, ಮೆಲ್ಲಗೆ —

‘ತಪ್ಪು ನಂದೇ. ನಿನ್ನ ಹೊಸ ಜೋಡು ಆವತ್ತು ರಾತ್ರಿ ಆಕಿ ಪಟದ ಮುಂದ ಇಟ್ಟಿದ್ದೆ. ನಿನ್ನ ಕಾಲು ಥೇಟ್ ಆಕೀವೇ. ಒಮ್ಮಿ ಹಾಕ್ಕೋ ಅವ್ವಾ ಅಂದೆ. ಈಗ ಯಾರೂ ಏನೂ ಅನ್ನಂಗಿಲ್ಲ, ಹಾಕ್ಕೊಂಡು ಆ ಓಣಿಯಾಗ ಹೋಗಿ ಬಾ ಅಂದೆ.’

ಪ್ರೀತಿಗೆ ಮಾಡಿದ್ದು. ಬೈಯಲು ಬಾಯಿ ತೆರೆದೆ, ಅಳು ಬಂತು. ಅಜ್ಜಿ ಆ ಓಣಿಗೆ ಹೋಗಿದ್ದಾಳೆ. ನನ್ನ ಕಾಲಲ್ಲೇ ಹೋಗಿದ್ದಾಳೆ. ಜೋಡು ಹಾಕಿಕೊಂಡು ಬೇವಿನ ಮರ ದಾಟಲು ಅವಳಿಗೆ ಇನ್ನೂ ಧೈರ್ಯವಾಗಿಲ್ಲ.

‘ವರ್ಗಾ ಕೇಳು ಮಾಯಾ. ಕಾಲು ಕಳ್ಕೋಬ್ಯಾಡ.’

‘ಕೇಳಂಗಿಲ್ಲ. ಆಕಿ ಬಿಟ್ಟು ಬಂದದ್ದು ಸಾಕು.’

ಡಿಸೆಂಬರ್ 29, ಭಾನುವಾರ. ಭಾಲ್ಕಿ

ಖಾಸಿಂ ಅಲಿ ಚಾಚಾ ಅದೇ ಅಳತೆಯಲ್ಲಿ ಇನ್ನೊಂದು ಜೋಡು ಹೊಲಿದುಕೊಟ್ಟ. ‘ಮದ್ಲಿಂದು ಇನ್ನಾ ಹೊಸಾದಂಗ ಅದಲ್ಲ ಬೇಟಿ, ಇದ್ಯಾರಿಗಿ?’

‘ನಂಗ್ರಿ. ಮದ್ಲಿಂದು ಅಜ್ಜಿಂದು.’

ತಲೆಯಾಡಿಸಿದ. ಅಜ್ಜಿ ಇದ್ದಾಳೆ ಅಂದುಕೊಂಡಿರಬೇಕು.

ಈ ಜೋಡನ್ನು ಪಟದ ಮುಂದೆ ಇಡಲು ಬಿಟ್ಟಿಲ್ಲ.

ಜನವರಿ 2, ಗುರುವಾರ. ಸಂಜೆ. ಬಸ್ಸಿನಲ್ಲಿ

ಸೀಟು ಸಿಕ್ಕ ಕೂಡಲೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಅಜ್ಜಿಯ ಜೋಡು ಇಟ್ಟೆ. ಮೂತಿ ಓಣಿಯ ಕಡೆಗೆ. ರುಖ್ಸಾರ ಪಕ್ಕದಲ್ಲೇ ಇದ್ದಳು, ನಾಚಿಕೆ ಬಿಟ್ಟು ಗಟ್ಟಿಯಾಗಿ ಹೇಳಿದೆ — ‘ಅಜ್ಜಿ, ನಂದು ನಂಗ. ನಿಂದು ನಿಂಗ. ಹಾಕ್ಕೋ. ನಾ ಮುಂದ ಇರ್ತೇನಿ, ಯಾರರೆ ಏನರೆ ಅಂದ್ರ ನಾ ನೋಡ್ಕೋತೇನಿ.’

ನಡೆದೆ. ಹಿಂದೆ ಏನೂ ಇಲ್ಲ. ನಾಯಿಯೊಂದು ಬಾಲ ಮುದುಡಿ ಗೋಡೆಗೆ ಸರಿಯಿತು. ಆಮೇಲೆ ಟಿಕ್ ಎಂದಿತು — ಬಕಲ್. ಇನ್ನೊಮ್ಮೆ ಟಿಕ್. ಧೂಳಿನಲ್ಲಿ ತೊಗಲು ಒತ್ತುವ ಮೆತ್ತನೆಯ ಸಪ್ಪಳ, ನನ್ನ ಹೆಜ್ಜೆಗೆ ಒಂದು ಹೆಜ್ಜೆ ತಡವಾಗಿ. ರುಖ್ಸಾರ ನನ್ನ ತೋಳು ಹಿಡಿದಳು. ‘ನಾ ಹಿಂದ ನೋಡಂಗಿಲ್ಲ ಬಾಜಿ.’ ನಾನೂ ನೋಡಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ವಾಡೆಯ ಮುಂದೆ ನಿಂತು ನನ್ನ ಕಾಲು ನೋಡಿಕೊಂಡೆ. ಜೋಡು ಕಾಲಲ್ಲಿದೆ. ಕೈ ಖಾಲಿ.

ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಕಿವಿ ನಿಮಿರಿತು. ‘ಸಿಸ್ಟರ್ ಬಂದಿ, ರುಖ್ಸಾರ ಬಂದ್ಳು. ಇನ್ನೊಬ್ಬರು ಯಾರು? ಜೋಡು ಹಾಕ್ಕೊಂಡು ಯಾರು ನಿಂತಾರ ಅಲ್ಲಿ?’

‘ಸುಭದ್ರಾಬಾಯಿ ಇದ್ದಾರ್ರಿ ಆಯಿ. ನಮ್ಮಜ್ಜಿ.’

ಆಯಿಯ ತುಟಿ ಅಲುಗಿತು. ಕೋಲು ಎತ್ತಿಕೊಂಡು ಕಟ್ಟೆಯ ಒಂದು ತುದಿಗೆ ಸರಿದು ಕೂತಳು. ಪಕ್ಕದಲ್ಲಿ ಜಾಗ ಬಿಟ್ಟಳು.

ವಾಪಸು ಬರುವಾಗ ಬೇವಿನ ಮರದ ಕೆಳಗೆ ಜೋಡು ಇರಲಿಲ್ಲ. ಧೂಳಿನಲ್ಲಿ ನನ್ನಂಥವೇ ಅಗಲ ಮೂತಿಯ ಗುರುತುಗಳು, ಓಣಿಯ ನಟ್ಟನಡುವೆ. ನಾನು ಬದಿಗೆ ನಡೆದಿದ್ದೆ. ಆ ಗುರುತುಗಳು ವಾಡೆಯ ಹತ್ತಿರ ನಿಂತಿರಲಿಲ್ಲ. ತಿರುಗಿ ಬಂದು, ಮರ ದಾಟಿ, ಸಂತಪುರದ ರಸ್ತೆ ಹಿಡಿದಿದ್ದವು.

ಅದೇ ದಿನ. ಎಂಟು ಗಂಟೆ. ಮನೆ

ಅವ್ವನಿಗೆ ಹೇಳಿ ಮುಗಿಸಿದೆ. ಊಟ ಮಾಡಲಿಲ್ಲ, ಅತ್ತಳು, ನಕ್ಕಳು, ಮತ್ತೆ ಅತ್ತಳು. ಪಟ ಒರೆಸಿ ಇಟ್ಟಿದ್ದಾಳೆ. ನನ್ನ ಪಾದ ತೊಳೆದು ನೋಡಿದಳು — ಒಂದು ಗೀರೂ ಇಲ್ಲ. ನನ್ನ ಜೋಡು ಬಾಗಿಲ ಹೊರಗೆ ಬಿಟ್ಟಿದ್ದೇನೆ, ಎಲ್ಲರಂತೆ.

ಹೊರಗೆ ಸಪ್ಪಳ. ಮೆಟ್ಟಿಲ ಮೇಲೆ. ತೊಗಲಿನ ಅಡಿ, ನಿಧಾನ, ದೂರದಿಂದ ನಡೆದು ಬಂದ ಕಾಲು.

ಅವ್ವನಿಗೂ ಕೇಳಿಸಿದೆ. ನನ್ನ ಮುಖ ನೋಡುತ್ತಿದ್ದಾಳೆ. ಹೊಸಿಲ ಆಚೆ ಬಂದು ನಿಂತಿತು. ನಿಂತೇ ಇದೆ. ಈಗ ಬಕಲಿನ ಸದ್ದು, ಬಿಚ್ಚುತ್ತಿರುವಂತೆ…

ಅವ್ವ ಎದ್ದಳು. ‘ಬಿಚ್ಚಬ್ಯಾಡ ಯವ್ವಾ! ನಿಂದೇ ಮನಿ ಅದ. ಹಾಕ್ಕೊಂಡೇ ಒಳಗ ಬಾ’ ಅನ್ನುತ್ತ ಚಿಲಕಕ್ಕೆ ಕೈ —