ಕುಷ್ಟಗಿಯವರು ಬಂದು ಹೋದರು

ಮರಳಿ
೧೮ ನವೆಂಬರ್ ೨೦೨೪

ಪ್ರೀತಿಯ ಅವ್ವಾ,

ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ಮೆಟ್ಟಿಲು ಒರೆಸುವಾಗ ಕುಕ್ಕರುಗಾಲಲ್ಲಿ ಕೂರಬೇಡ, ಉದ್ದ ಕೋಲಿನ ಮಾಪು ಕೇಳಿ ತೆಗೆದುಕೋ. ಇಲ್ಲಿ ಅಜ್ಜಿ ಚೆನ್ನಾಗಿದ್ದಾಳೆ. ಕಿವಿ ಇನ್ನಷ್ಟು ಮಂದವಾಗಿದೆ, ಆದರೆ ನಿನ್ನ ಹೆಸರೆತ್ತಿದರೆ ಹೇಗೋ ಕೇಳಿಸುತ್ತದೆ. ಭತ್ತ ಕೊಯ್ಲಿಗೆ ಬಂದು ಊರೆಲ್ಲ ಮಿಷಿನ್ನಿನ ಧೂಳು. ಇಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀ, ನಾನೂ ಅಳುತ್ತೇನೆ, ಅಷ್ಟರಲ್ಲಿ ನಿನ್ನ ಮನೆಯೊಡತಿ ಕರೆಯುತ್ತಾಳೆ. ಅದಕ್ಕೇ ರಜೆ ಮುಗಿಸಿ ಮಸ್ಕತ್ತಿಗೆ ಹೊರಟಿರುವ ಮುಬಾಶಿರಾ ಅಕ್ಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿಧಾನವಾಗಿ ಓದು.

ಅಲ್ಲಿ ಎ.ಸಿ. ರಿಪೇರಿ ಮಾಡುವ ಗಾಳೇಶನನ್ನು ನೀನು ನನಗಾಗಿ ನೋಡಿದ್ದೆಯಲ್ಲ, ಅವನ ಅಕ್ಕ ದುರ್ಗಾದೇವಿಯವರು ಕುಷ್ಟಗಿಯಿಂದ ಬಂದಿದ್ದರು. ಅವರು ಒಪ್ಪಿದರೆ ನಾನು ಮಸ್ಕತ್ತಿಗೆ ಬರುವುದು, ಅಲ್ಲೇ ನಿನ್ನ ಕಣ್ಣೆದುರು ಮದುವೆ ಎಂದು ನೀನೇ ಅಂದಿದ್ದೆ. "ಓದೂ ಛಲೋನ, ಮದುವಿನೂ ಛಲೋನ, ನಿನ್ನ ಮನಸಿಗೆ ಬಂದದ್ದು ಮಾಡು" ಎಂದೂ ಹೇಳಿದ್ದೆ. ಅವರು ಬಂದ ದಿನವೇ ಕೊಪ್ಪಳದಲ್ಲಿ ಎಂ.ಎಸ್ಸಿ. ಪ್ರವೇಶದ ಕೊನೆಯ ದಿನ. ಬೆಳಿಗ್ಗೆ ಅಂಕಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋಗಿದ್ದೆ. ಅಜ್ಜಿ ಕೈ ಹಿಡಿದು, "ಹೋಗಬ್ಯಾಡ ನನ್ನವ್ವಾ, ಅಷ್ಟು ದೂರದಿಂದ ಬರಾಕತ್ಯಾರ. ನಿಮ್ಮವ್ವ ಅಲ್ಲಿ ಒಬ್ಬಾಕಿನ ಅದಾಳ" ಎಂದಳು. ಅಜ್ಜಿಯ ಮಾತಿಗೇ ನಿಂತೆ ಎಂದುಕೊಳ್ಳಬೇಡ. ಅಪ್ಪ ತೀರಿಕೊಂಡ ವರ್ಷ ಹೋದವಳು ನೀನು. ಆಮೇಲೆ ನಿನ್ನ ಮುಖ ಫೋನಿನಲ್ಲೇ. ಮದುವೆಯಾದರೆ ನೀನಿರುವ ಊರಲ್ಲಿರುತ್ತೇನೆ, ಶುಕ್ರವಾರದ ರಜೆಗೆ ನೀನು ನನ್ನ ಮನೆಗೆ ಬಂದು ರೊಟ್ಟಿ ತಿನ್ನುತ್ತೀ ಎಂಬ ಆಸೆ ಓದಿನ ಆಸೆಗಿಂತ ದೊಡ್ಡದಾಯಿತು. ಚೀಲ ಒಳಗಿಟ್ಟು ಸೀರೆ ಉಟ್ಟೆ.

ದುರ್ಗಾದೇವಿಯವರು ಒಳ್ಳೆಯವರೇ. ದಾಳಿಂಬೆ ತಂದಿದ್ದರು, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದರು, ನನ್ನ ಉಪ್ಪಿಟ್ಟನ್ನು ಹೊಗಳಿದರು. "ಎಷ್ಟು ಓದೀಯವ್ವಾ?" ಎಂದು ಕೇಳಿದಾಗ ಇದ್ದದ್ದನ್ನು ಹೇಳಿದೆ. ಬಿ.ಎಸ್ಸಿ. ಆಗಿದೆ, ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು, ಬಿಟ್ಟೆ ಎಂದೆ. ಅವರ ಮುಖ ಸಣ್ಣದಾಯಿತು. ಅಜ್ಜಿಗೆ ಕೇಳುವಂತೆ ಗಟ್ಟಿಯಾಗಿ, "ನಮ್ಮ ತಮ್ಮ ಎಸ್ಸೆಸ್ಸೆಲ್ಸಿ ಫೇಲ್ ಅದಾನ್ರಿ. ಇಕಿ ಮುಂದ ಅಂವ ತೆಲಿ ಎತ್ತಿ ಹೆಂಗ ಮಾತಾಡ್ತಾನ್ರಿ?" ಎಂದರು. "ನಾ ಅಂಥಾಕಿ ಅಲ್ರಿ ಅಕ್ಕಾರ" ಎಂದೆ. ಅವರು ನನ್ನ ಕೆನ್ನೆ ಸವರಿ, "ನೀ ಅಂಥಾಕಿ ಅಲ್ಲ ಅಂತ ಗೊತ್ತೈತಿ ತಂಗಿ. ನಮ್ಮಾಂವ ಅಂಥಾಂವ ಅದಾನ" ಎಂದರು. ಚಹಾ ಪೂರ್ತಿ ಕುಡಿದೇ ಎದ್ದರು. ಮರುವಾರ ಫೋನು ಬಂತು, ಅವರ ಬಳಗದಲ್ಲೇ ಬೇರೆ ಹುಡುಗಿ ಗೊತ್ತಾಗಿದ್ದಾಳಂತೆ. ಗಾಳೇಶ ಅಲ್ಲೆಲ್ಲಾದರೂ ಎದುರಾದರೆ ಏನೂ ಕೇಳಬೇಡ ಅವ್ವಾ.

ಅವರು ಬಂದು ಹೋದ ಮರುದಿನವೇ ನಾನು ಕೊಪ್ಪಳಕ್ಕೆ ಓಡಿದ್ದೆ. "ನಿನ್ನೆಗೇ ಮುಗದೈತವ್ವಾ, ನಿನ್ನ ಸೀಟು ಮುಂದಿನಾಕಿಗೆ ಹೋತು. ಬರೋ ವರ್ಷ ಮತ್ತ ಪ್ರವೇಶ ಪರೀಕ್ಷಾ ಬರಿ" ಎಂದರು ಗುಮಾಸ್ತರು. ಬೈದಿದ್ದರಾದರೂ ಚೆನ್ನಾಗಿತ್ತು, ಪಾಪ, ಕುಡಿಯಲು ನೀರು ಕೊಟ್ಟರು. ಮನೆಗೆ ಬಂದಾಗ ಅಜ್ಜಿ, "ಏನಂದ್ರು?" ಎಂದಳು. ಅವಳಿಗೆ ಕೂಗಿ ಹೇಳಬೇಕು. ಕೂಗಿ ಹೇಳುವ ಮಾತಾಗಿರಲಿಲ್ಲ ಅದು. ಇಲ್ಲವೆಂದು ಕೈ ಅಲ್ಲಾಡಿಸಿದೆ. ಬರುವ ವರ್ಷ ಎಂಬುದರಲ್ಲಿ ನನಗೆ ನಂಬಿಕೆ ಉಳಿದಿಲ್ಲ. ಆಗ ಇನ್ನೊಂದು ಮನೆಯವರು ನೋಡಲು ಬರುತ್ತಾರೆ, ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.

ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕಾಕಾ ಕಾಕಿ ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ನಮ್ಮ ಚಿಂತೆಯಲ್ಲಿ ನಿದ್ದೆಗೆಡಬೇಡ.

ನಿನ್ನ ಮಗಳು,
ಅಂಜಲಿ

ತಾ.ಕ.: ಮುಬಾಶಿರಾ ಅಕ್ಕನ ಆಟೋ ಬಂದಿದೆ, ನಿಂತೇ ಬರೆಯುತ್ತಿದ್ದೇನೆ. ನಿನ್ನ ಮನೆಯೊಡತಿಯ ತಂಗಿಗೆ ಕೆಲಸದವಳು ಬೇಕಂತೆ, ಅಕ್ಕ ಹೇಳಿದಳು. ಮದುವೆಗೆ ಅಲ್ಲಿಗೆ ಬರಲೆಂದು ಮಾಡಿಸಿದ ಪಾಸ್‌ಪೋರ್ಟ್ ಹೇಗೂ ಬಂದಿದೆ, ಅಜ್ಜಿ ಕಾಕಾನ ಮನೆಯಲ್ಲಿರಲು ಒಪ್ಪಿದ್ದಾಳೆ. ನನ್ನ ಹೆಸರು ಹೇಳು. ಅಡಿಗೆ ಬರುತ್ತದೆ, ಕಸ ಮುಸುರೆ ಎಲ್ಲ ಮಾಡುತ್ತಾಳೆ ಎನ್ನು. ಓದಿದವಳು ಎಂದು ಮಾತ್ರ ಹೇಳಬೇಡ.