ಜಡ್ಡು ಬಿಡುವ ಶಾಸ್ತ್ರ

ಆಗಸ್ಟ್ 5, ಸೋಮವಾರ. ಬೆಳಿಗ್ಗೆ 8.10

ಮತ್ತೆ ಗದಗ ಬಸ್ ತಪ್ಪಿತು. ಡಿ.ಫಾರ್ಮಾ ಎರಡನೇ ವರ್ಷದ ಘನ ವಿದ್ಯಾರ್ಥಿ ಅಂಬರೀಶರು, ಅಂದರೆ ನಾನು, ಸೊರಟೂರ ಬಸ್ ಸ್ಟ್ಯಾಂಡಿನಲ್ಲಿ ಮೌನಾಚರಣೆಯಲ್ಲಿದ್ದಾರೆ. ಕಾರಣ, ಅಜ್ಜಿ. ಪಕ್ಕದ ಮನೆಯ ರೋಜಾಳ ಜ್ವರ ಇಳಿದಿದೆ. ಉಳಿದ ಗುಳಿಗೆ ನೀರಿಗೆ ಹಾಕಿ ‘ಜಡ್ಡು ಬಿಡಬೇಕು’, ಅಂದರೆ ರೋಗವನ್ನು ಕಳಿಸಿಕೊಡಬೇಕು. ಮಂತ್ರಕ್ಕೆ ನಾನೇ ಬೇಕು. ಪೂಜಾರಿಯ ಹಾಗೆ ಹೆಗಲಿಗೆ ಟವೆಲ್ ಹಾಕಿಸಿ ಹೊಂಡಕ್ಕೆ ಎಳೆದೊಯ್ದಳು.

ದಾಖಲೆಗಾಗಿ: ಈ ಪುರಾತನ ಶಾಸ್ತ್ರದ ವಯಸ್ಸು ಹದಿನಾಲ್ಕು ತಿಂಗಳು. ಕರ್ತೃ, ನಾನು.

ಹೋದ ವರ್ಷ ನಮ್ಮಜ್ಜಿಗೆ, ಊರವರ ಮಂಜವ್ವಜ್ಜಿಗೆ, ನ್ಯುಮೋನಿಯಾ ವಾಸಿಯಾದಾಗ ಒಂದು ಚೀಲ ಔಷಧಿ ಉಳಿಯಿತು. ಎಸೆಯಲು ಒಪ್ಪಳು, ಮನೆಯಲ್ಲಿಟ್ಟರೆ ತಲೆನೋವಿಗೂ ಅದನ್ನೇ ನುಂಗುತ್ತಾಳೆ. ಮುಖ ಗಂಭೀರ ಮಾಡಿ ಹೇಳಿದೆ— ಗುಳಿಗೆ ಒಂದೊಂದೇ ಬಿಡಿಸಿ, ಅರಿಷಿಣ ಹಚ್ಚಿ ಊರ ಹೊಂಡಕ್ಕೆ ಬಿಡಬೇಕು. ಕಡೆಗೆ ಸಿರಪ್. ಆಮೇಲೆ ಹೊರಳಿ ನೋಡದೆ ಬರಬೇಕು. ನೋಡಿದರೆ ಜಡ್ಡು ಬೆನ್ನು ಹತ್ತುತ್ತದೆ. ‘ಓಂ ಪ್ಯಾರಾಸಿಟಮಾಲಾಯ ನಮಃ’ ಅಂದೆ. ಗೆಳೆಯ ವೀರು ಜಾಲಿ ಕಂಟಿಯ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜಿ ನಗಲಿಲ್ಲ. ಆಗಲೇ ತಿಳಿಯಬೇಕಿತ್ತು.

ಆಗಸ್ಟ್ 11

ಲಕ್ಷ್ಮೇಶ್ವರದಿಂದ ಮಮತಾ ಅತ್ತೆಯ ಫೋನು. ಅವರ ಓಣಿಯಲ್ಲೂ ಶುರುವಾಗಿದೆಯಂತೆ. ಇನ್ಸುಲಿನ್ ಬಾಟಲಿಗೆ ಅರಿಷಿಣ ಮೇಲೆ ಹಚ್ಚಬೇಕೋ, ಒಳಗೆ ಹಾಕಬೇಕೋ? ಪೀಠಾಧಿಪತಿಗಳು ಫೋನ್ ಕಟ್ ಮಾಡಿದರು.

ಆಗಸ್ಟ್ 19, ಬೆಳಿಗ್ಗೆ 6.30

ನಗು ನಿಂತಿತು.

ಖಲೀಲ— ಒಂದನೇ ಇಯತ್ತೆಯಿಂದ ಶಾಲೆಯಲ್ಲಿ ನನ್ನ ಪಕ್ಕ ಕೂತವ— ಈ ಮಳೆಗಾಲ ಪಂಚಾಯತಿಯಿಂದ ಹೊಂಡ ಗುತ್ತಿಗೆ ಹಿಡಿದು ಮೀನುಮರಿ ಬಿಟ್ಟಿದ್ದ. ಹೆಬ್ಬೆರಳಿನಷ್ಟಿದ್ದವು ಗೇಣುದ್ದ ಬೆಳೆದಿದ್ದವು. ಇವತ್ತು ನೂರಾರು ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಅವನು ಮೊಣಕಾಲು ನೀರಲ್ಲಿ ನಿಂತು ಬುಟ್ಟಿಗೆ ತುಂಬುತ್ತಿದ್ದ. ನಾನೂ ಇಳಿದೆ. ಕಾಲಿಗೆ ಏನೋ ಮೆತ್ತಗೆ ಹತ್ತಿತು. ಎತ್ತಿ ನೋಡಿದರೆ ಕರಗಿದ ಗುಳಿಗೆಗಳ ಮುದ್ದೆ. ಹಳದಿ. ಅರಿಷಿಣ.

ಕೈ ಬಿಟ್ಟೆ. ಮುದ್ದೆ ಮುಳುಗಿತು.

"ದೇವಪ್ಪಂದ ಕೆಲಸ" ಅಂದ ಖಲೀಲ, ಹೊಂಡದ ಪಕ್ಕದ ಹೊಲದವನನ್ನು ಕುರಿತು. "ಹತ್ತಿಗೆ ಹುಳದ ಎಣ್ಣಿ ಹೊಡದು ಇಲ್ಲೇ ಪಂಪ್ ತೊಳದಾನ. ಬಿಡಂಗಿಲ್ಲ ನಾ ಅವನ್ನ."

ಹೂಂ ಅಂದೆ. ಬರೀ ಹೂಂ.

ಆಗಸ್ಟ್ 20

ಕ್ಲಾಸಿನಲ್ಲಿ ಸರ್‌ಗೆ ಕೇಳಿದೆ, ಯಾರದೋ ಊರಿನ ಸಂಗತಿ ಎಂಬಂತೆ. ಸಣ್ಣ ನೀರಿಗೆ ಆ್ಯಂಟಿಬಯೋಟಿಕ್ ಬಿದ್ದರೆ ನೀರನ್ನು ಶುದ್ಧವಾಗಿಡುವ ಜೀವಿಗಳೇ ಮೊದಲು ಸಾಯುತ್ತವೆ, ಉಳಿದವು ಔಷಧಿಗೆ ಜಗ್ಗದಂತಾಗುತ್ತವೆ ಅಂದರು. ನಾವು ನುಂಗಿದ್ದೂ ಪೂರ್ತಿ ಕರಗದೆ ಮೂತ್ರದಲ್ಲಿ ಹೋಗಿ ಹಳ್ಳ ಸೇರುತ್ತದಂತೆ. ಅದರ ಮೇಲೆ ನಮ್ಮೂರಿನದು ನೇರ ನೈವೇದ್ಯ. ಮೀನು ಅದರಿಂದಲೇ ಸತ್ತವೋ, ಕೀಟನಾಶಕದ ಎಣ್ಣೆಯಿಂದಲೋ? ಪರೀಕ್ಷೆ ಮಾಡಿಸದೆ ಹೇಳಲಾಗದು ಅಂದರು.

ಆಗಸ್ಟ್ 23

ಬಾಟಲಿಯಲ್ಲಿ ಹೊಂಡದ ನೀರನ್ನು ಗದಗಿನ ನೀರು ಪರೀಕ್ಷಿಸುವ ಲ್ಯಾಬಿಗೆ ಒಯ್ದೆ. ಲ್ಯಾಬಿನವ ಪಟ್ಟಿ ತೋರಿಸಿದ: ಫ್ಲೋರೈಡ್, ಗಡಸುತನ, ಉಪ್ಪು... ಗುಳಿಗೆ ನೋಡುವುದಿಲ್ಲವೇ? "ಅದು ನಮ್ಮ ಪಟ್ಟ್ಯಾಗ ಇಲ್ಲ ತಮ್ಮಾ." ರಿಪೋರ್ಟಿನಲ್ಲಿ ಎಲ್ಲಾ ‘ಮಿತಿಯೊಳಗೆ’. ಕಾಗದದ ಪ್ರಕಾರ ಖಲೀಲನ ಮೀನು ಸತ್ತೇ ಇಲ್ಲ.

ಆಗಸ್ಟ್ 24, ಸಂಜೆ

ಅಜ್ಜಿಗೆ ತಪ್ಪೊಪ್ಪಿಗೆ. ಟವೆಲ್ ಇಲ್ಲದೆ. ಅದು ನಾನು ಚೇಷ್ಟೆಗೆ ಕಟ್ಟಿದ್ದು ಎಂದೆ. ಅಜ್ಜಿ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

"ನೀ ಏನ್ ಕಟ್ತಿಯಲೇ. ನಮ್ಮತ್ತಿ ಕಾಲದಿಂದ ಐತಿ ಅದು."

ಅಜ್ಜಿಯ ಅತ್ತೆ ಗುಳಿಗೆಯನ್ನು ಕಣ್ಣಾರೆ ಕಂಡಿದ್ದಳೋ ಇಲ್ಲವೋ. ಹಾಗಾದರೆ ದೇವಿ ಕನಸಿನಲ್ಲಿ ಬಂದು ಬೇಡ ಅಂದಳು ಎಂದೆ. "ನಿನ್ನ ಕನಸಿನ ಮಾತ ಕೇಳಿ ಶಾಸ್ತ್ರ ಬಿಡಾಕ ಆಕ್ಕೈತೇನ?" ಅಂದಳು. ಎಂಥ ವಾದ. ನನ್ನದೇ ತರಬೇತಿ.

ಆಗಸ್ಟ್ 27

ಹೊಂಡದ ಕಟ್ಟೆಗೆ ಬೋರ್ಡ್ ಹಾಕಿದೆ: ಔಷಧಿ ಹಾಕಬೇಡಿ, ಮೀನು ಸಾಯುತ್ತವೆ. ಕೆಳಗೆ ಹೆಸರು, ಸಹಿ. ಅದೇ ತಪ್ಪಾಯಿತು. ಮಂತ್ರ ಹೇಳುವವನ ಹೆಸರು ಓದಿದವರೆಲ್ಲ ನಕ್ಕರು; ಖಲೀಲನೂ ಚೇಷ್ಟೆ ಅಂದುಕೊಂಡ. ಯಾರೋ ಬೋರ್ಡಿಗೆ ಹಾರ ಹಾಕಿದ್ದಾರೆ. ಸಂಜೆ ಅದರ ಬುಡದಲ್ಲೇ ಒಂದು ಸಿರಪ್ ಬಾಟಲಿ, ಕುಂಕುಮ ಹಚ್ಚಿದ್ದು.

ಹೊಂಡಕ್ಕೆ ಬರುವವರು ಹಾಕುತ್ತಾರೆ, ಹೊರಳಿ ನೋಡದೆ ಹೋಗುತ್ತಾರೆ. ಬೆನ್ನ ಹಿಂದೆ ಏನು ತೇಲುತ್ತದೆಂದು ಯಾರೂ ನೋಡಿಲ್ಲ. ಆ ನಿಯಮ ಎಷ್ಟು ಹೆಮ್ಮೆಯಿಂದ ಮಾಡಿದ್ದೆ...

ಸೆಪ್ಟೆಂಬರ್ 9

ಹದಿಮೂರು ದಿನ ಬರೆದಿಲ್ಲ. ಬರೆಯುವಂಥದ್ದು ಮಾಡಿಲ್ಲ.

ಖಲೀಲ ದೇವಪ್ಪನ ಮನೆ ಮುಂದೆ ಜಗಳ ತೆಗೆದ. ದೇವಪ್ಪ ಕಾಕಾ ಮಗನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ, ಹೊಂಡದ ಹತ್ತಿರವೇ ಬಂದಿಲ್ಲವೆಂದು. ಖಲೀಲ ನಂಬಲಿಲ್ಲ. ನಾಡಿದ್ದು ಪಂಚಾಯತಿಯಲ್ಲಿ ಹೇಳಿಕೆ. ನನ್ನನ್ನೇ ಸಾಕ್ಷಿ ಮಾಡಿದ್ದಾನೆ. "ನೀ ಓದಿದಾಂವ. ನಿನ್ನ ಮಾತ ಕೇಳ್ತಾರ" ಅಂದ.

ಊರಲ್ಲಿ ನನ್ನ ಮಾತು ನಂಬುವವನು ಅವನೊಬ್ಬ.

ಸೆಪ್ಟೆಂಬರ್ 10, ಬೆಳಿಗ್ಗೆ 7

ಖಲೀಲ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾನೆ. ಅಂಗಿ ಹಾಕಿಕೊಂಡು ಬರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅವನ ತಾಯಿ ಹಸೀನಾಬಿ ಆಪರೇಷನ್ ಆಗಿ ಮಲಗಿದ್ದವರು ನಿನ್ನೆ ಎದ್ದು ರೊಟ್ಟಿ ಬಡಿದರಂತೆ. ಅವನ ಮುಖ ನೋಡಿದರೆ ಖುಷಿ ಗೊತ್ತಾಗುತ್ತದೆ. ಕೈಯಲ್ಲಿ ಕರಿ ಕ್ಯಾರಿಬ್ಯಾಗ್. ಗುಳಿಗೆ ಆಗಲೇ ಒಂದೊಂದೇ ಬಿಡಿಸಿದ್ದಾನೆ.

"ಮಂಜವ್ವಜ್ಜಿ ಹೇಳ್ಯಾಳ, ಜಡ್ಡು ಬಿಡಬೇಕಂತ. ಉಳದ ಮೀನರ ಬದುಕಲಿ ಅಂತ ಅದೂ ಕೇಳ್ಕೊಂತೀನಿ. ನೀ ಮಂತ್ರ ಹೇಳ ಬಾ."

ತನ್ನದೇ ಮೀನಿನ ಹೊಂಡಕ್ಕೆ. ತನ್ನ ಕೈಯಿಂದಲೇ.

ಅಜ್ಜಿ ಒಳಗಿಂದ ಟವೆಲ್ ತಂದು ಹೆಗಲಿಗೆ ಹಾಕಿದಳು. ತೆಗೆದು ಮೊಳೆಗೆ ಸಿಗಿಸಿದೆ. ಮತ್ತೆ ಹಾಕಿದಳು. ಮತ್ತೆ ತೆಗೆದೆ.

ಮೊದಲ ಮಾತು ಯಾವುದು? ದೇವಪ್ಪನದು ತಪ್ಪಿಲ್ಲ ಎಂದೋ... ಇಲ್ಲ, ನನ್ನಿಂದಲೇ ಶುರು ಮಾಡಬೇಕು. ನಗುತ್ತಾನೆ ಮೊದಲು. ನಕ್ಕರೆ ನಗಲಿ. ಹೊಂಡದ ತನಕ ಕರೆದೊಯ್ದು, ಆ ಚೀಲ ಕಸಿದುಕೊಂಡು, ನೀರಲ್ಲಿ ಕೈ ಹಾಕಿ ಆ ಹಳದಿ ಮುದ್ದೆ ತೆಗೆದು ಅವನ ಅಂಗೈಗೆ ಇಡುತ್ತೇನೆ. ಹೊರಳಿ ನೋಡು ಅನ್ನುತ್ತೇನೆ.

ಕರೆಯುತ್ತಿದ್ದಾನೆ. ಹೋಗುತ್ತೇನೆ. ಮೊದಲ ಮಾತು: ‘ಖಲೀಲ, ಆ ಶಾಸ್ತ್ರ ಕಟ್ಟಿದಾಂವ ನಾನ—’