ಮೇಜಿನ ಕೆಳಗಿನ ಗಾಳಿ

ಯೋಗ್ಯಕರ್ತ
ಮಂಗಳವಾರ, 8 ಅಕ್ಟೋಬರ್ 2024

ಪ್ರೀತಿಯ ಅರುಮಿಗೆ,

ನಿನ್ನ ಫೋನಿನಿಂದ ನನಗೆ ಬಹಿಷ್ಕಾರ ಬಿದ್ದು ಹನ್ನೊಂದು ದಿನವಾದ್ದರಿಂದ ಕಾಗದಕ್ಕೆ ಶರಣಾಗಿದ್ದೇನೆ. ಸುರಬಾಯದಲ್ಲಿ ನೀನೂ ನಿನ್ನಕ್ಕನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು ಕ್ಷೇಮವೋ ಅಲ್ಲವೋ, ನನಗೇ ಗೊತ್ತಾಗುತ್ತಿಲ್ಲ.

ಮೊದಲು ತಪ್ಪೊಪ್ಪಿಗೆ. ಅಂಧ ಮಕ್ಕಳಿಗಾಗಿ ನೀನು ಓದುವ ಪುಸ್ತಕದ ರೆಕಾರ್ಡಿಂಗಿನಲ್ಲಿ ಕೇಳುತ್ತಿದ್ದ, ನಾನು ನಿನ್ನನ್ನು ದೂರಿದ ಆ 'ಹೂಂ' ಸದ್ದು ನಿನ್ನ ಉಸಿರಿನದಲ್ಲ. ನೀನು ಹೋದ ಮರುದಿನ ಖಾಲಿ ಕೋಣೆಯಲ್ಲಿ ಮೈಕು ಹಾಕಿ ಕೇಳಿದೆ. ನೀನಿಲ್ಲ, ನಿನ್ನ ಉಸಿರು ಮಾತ್ರ ಅಲ್ಲೇ ಇದೆ! ಒಂದು ಗಳಿಗೆ ಮೈ ಜುಮ್ಮೆಂದಿತು. ಆಮೇಲೆ ಹೊಳೆಯಿತು: ಮೇಜಿನ ಕೆಳಗಿರುವ ಕಂಪ್ಯೂಟರಿನ ಫ್ಯಾನು. "ರೀ ಮಾಸ್, ಉಸಿರಾಡದೆ ಓದೋರು ಬೇಕಿದ್ರೆ ನಾನು ಸತ್ತಮೇಲೆ ಕರೀರಿ" ಎಂದು ಹೇಳಿ ನೀನು ಚೀಲ ಎತ್ತಿಕೊಂಡು ಹೊರಟಾಗ, ಆ ಫ್ಯಾನು ನಮ್ಮಿಬ್ಬರ ಕಾಲ ಬುಡದಲ್ಲೇ ನಿರಾಳವಾಗಿ ತಿರುಗುತ್ತಿತ್ತು.

ಇನ್ನೊಂದು ತಪ್ಪೂ ಇದೆ. ಒಂಬತ್ತನೆಯ ಅಧ್ಯಾಯದಿಂದ ನಿನ್ನ ಉಸಿರುಗಳನ್ನೆಲ್ಲ ಹೆಕ್ಕಿ ಹೆಕ್ಕಿ ಕತ್ತರಿಸಿ ಅಂಧ ಮಕ್ಕಳ ಶಾಲೆಗೆ ಕಳಿಸಿದ್ದೆ. ಅದನ್ನು ಕೇಳಿದ ಮಕ್ಕಳು, ಓದುವ ಅಕ್ಕನಿಗೆ ನಮ್ಮ ಮೇಲೆ ಯಾಕೆ ಸಿಟ್ಟು ಎಂದು ಮೇಡಮ್ಮನ್ನು ವಿಚಾರಿಸಿದರಂತೆ. ಕೊನೆಯ ಎರಡು ಅಧ್ಯಾಯ ಶನಿವಾರಕ್ಕೆ ಬೇಕು. ಅವರಿಗೆ ಬೇರೆ ದನಿ ಬೇಡವಂತೆ. ನನಗೂ ಬೇಡ.

ಫ್ಯಾನಿನ ವಿಷಯದಲ್ಲಿ ನನ್ನ ಪಾಂಡಿತ್ಯ ಈಗ ಭಯಂಕರವಾಗಿ ಬೆಳೆದಿದೆ. ಬ್ರಷ್ಷಿನಿಂದ ಧೂಳು ತೆಗೆದೆ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಕಂಪ್ಯೂಟರ್ ಪೆಟ್ಟಿಗೆಯ ನಾಲ್ಕು ಮೂಲೆಗೂ ರಬ್ಬರ್ ಪಾದ ಕೊಟ್ಟೆ. ಸದ್ದು ಅಡಗಿತು. ಬೆಳಗಾದರೆ ಮತ್ತೆ ಗರ್ಜನೆ. ಬಟ್ಟೆಯ ಬೀರುವಿನೊಳಗೆ ಕೂರಿಸಿದೆ. ಏರು ಹತ್ತುವ ಬೈಕಿನಂತೆ ಒದರಿ ಒದರಿ ಪ್ರಜ್ಞೆ ತಪ್ಪಿತು. ಮತ್ತೆ ಮೇಜಿನ ಕೆಳಗೇ ತಂದಿಟ್ಟೆ. ಕೊನೆಗೆ ಪಕ್ಕದ ಗಲ್ಲಿಯ ರೇಡಿಯೋ ರಿಪೇರಿಯ ಸಪ್ತೋ ಮಾಮನನ್ನು ಕೇಳಿದೆ. "ಬಿಸಿಯಾದ್ರೆ ಓಡತ್ತೆ, ಓಡಿದ್ರೆ ಕೂಗತ್ತೆ. ಸದ್ದಿನ ಹಿಂದೆ ಯಾಕೋ ಬಿದ್ದಿದೀಯ, ಬಿಸಿ ಯಾಕೆ ಅಂತ ನೋಡು" ಎಂದರು.

ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿದೆ. ಪೆಟ್ಟಿಗೆಯ ಹಿಂಬದಿಯಲ್ಲಿ ಬಿಸಿಗಾಳಿ ಹೊರಬರುವ ಜಾಲರಿಗೆ ಹಳೆಯ ಬಾಟಿಕ್ ಬಟ್ಟೆಯ ಚೂರುಗಳನ್ನು ಅಚ್ಚುಕಟ್ಟಾಗಿ ಮಡಿಸಿ ತುರುಕಲಾಗಿತ್ತು. ಕಿತ್ತೆಸೆದೆ. ಮರುದಿನ ಕಸ ಗುಡಿಸಿದ ಮೇಲೆ ನೋಡಿದರೆ ಮತ್ತೆ ಅಲ್ಲೇ.

ನಮ್ಮ ಮನೆಯಲ್ಲಿ ಗುಡಿಸುವವರು ಯಾರೆಂದು ನಿನಗೆ ಗೊತ್ತು. ಒಂದು ಸೀನು ಬಂದರೂ ಗಾಳಿ ಹೊಕ್ಕಿತೆಂದು ಬೆನ್ನಿಗೆ ಎಣ್ಣೆ ಹಚ್ಚಿ, ನಾಣ್ಯದಿಂದ ಕೆಂಪು ಗೆರೆ ಏಳುವಂತೆ ಕೆರೆಯುವ ನನ್ನ ತಾಯಿ. ಕೇಳಿದರೆ, ಆ ಪೆಟ್ಟಿಗೆ ಹಗಲೆಲ್ಲ ಗಾಳಿ ಊದುತ್ತದೆ, ಮೈಗೆ ಹೊಕ್ಕರೆ ಏನು ಗತಿ ಎಂದಳು. ಬಟ್ಟೆ ತುರುಕಿದರೆ ಪೆಟ್ಟಿಗೆಗೆ ಜ್ವರ ಬಂದು ಇನ್ನೂ ಜೋರಾಗಿ ಊದುತ್ತದೆಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಅದಕ್ಕೂ ಗಾಳಿ ಹೊಕ್ಕಿದೆ. ನಾಣ್ಯ ತಾ" ಎಂದಳು. ಮೂವತ್ತೇಳು ವರ್ಷದ ಮಗನನ್ನು ಗಾಳಿಯಿಂದ ಕಾಯುವ ತಾಯಿಯ ಮೇಲೆ ರೇಗಬೇಕೋ ನಗಬೇಕೋ ತಿಳಿಯದೆ ಎದ್ದು ಬಂದೆ.

ಅತ್ತೆ-ಸೊಸೆ ನಿಮ್ಮಿಬ್ಬರಿಗೂ ನೇರ ಮಾತಿಲ್ಲ ನಿಜ. ನಿನ್ನ ಸುರಬಾಯದ ಸಾರಿಗೆ ನಮ್ಮೂರಿನ ರೂಢಿಯಷ್ಟು ಸಕ್ಕರೆ ಸಾಲದೆಂದು ಅವಳು ನನಗೆ ಹೇಳುವುದು, ಅವಳದು ಸಾರಲ್ಲ ಪಾಯಸವೆಂದು ನೀನು ನನಗೆ ಹೇಳುವುದು; ಎರಡನ್ನೂ ಉಣ್ಣುವುದು ಮಾತ್ರ ನಾನು. ಅವಳಿಗೆ ನಿನ್ನನ್ನು ಕಂಡರಾಗದು ಎಂದು ನೀನು ಹೇಳಿದಾಗಲೆಲ್ಲ ನಾನು ಮಾತು ಬದಲಿಸಿದ್ದೇನೆ.

ಈಗ ಉದ್ದದ ಕೇಬಲ್ ಎಳೆದು ಪೆಟ್ಟಿಗೆಯನ್ನು ಗೋಡೆಯಾಚೆ ನಡುಮನೆಯಲ್ಲಿಟ್ಟಿದ್ದೇನೆ. ಕೋಣೆಯಲ್ಲಿ ನನ್ನ ಹೊಟ್ಟೆಯ ಗುಡುಗುಡು ಬಿಟ್ಟರೆ ಸದ್ದೇ ಇಲ್ಲ. ಇಂಥ ನಿಶ್ಶಬ್ದ ಬೇಕೆಂದು ಹಠ ಹಿಡಿದವನು ನಾನೇ. ಸಿಕ್ಕ ಮೇಲೆ ಇದನ್ನೇನು ಮಾಡುವುದೋ ತೋಚುತ್ತಿಲ್ಲ. ಶುಕ್ರವಾರದ ರೈಲಿಗೆ ಬಾ. ಎಷ್ಟು ಬೇಕಾದರೂ ಉಸಿರಾಡು.

ನಿನ್ನವನೇ ಇರಬೇಕು ಎಂದುಕೊಂಡಿರುವ,
ಸೆನೊ

ತಾ.ಕ.: ಕಾಗದ ಮಡಿಸುವಾಗ ಅಮ್ಮ ಬಂದಳು. ನನ್ನ ಆರೋಗ್ಯದ ಚಿಂತೆ ಇನ್ನಾದರೂ ಬಿಡು ಎಂದೆ. "ನಿಂದ್ಯಾರು ಕೇಳಿದ್ರು? ನೀನು ಆ ಕಡೆ ಕೂರೋದೇ ಇಲ್ವಲ್ಲ. ಗಾಳಿ ಹೊಡೀತಿದ್ದಿದ್ದು ಅವಳ ಕಾಲಿಗೆ. ಬರಿಗಾಲಲ್ಲಿ ಕೂತು ಓದ್ತಾಳೆ, ಹುಚ್ಚಿ" ಎಂದಳು. ಇದನ್ನು ನಿನಗೆ ಬರೆಯಕೂಡದಂತೆ. ಈಗ ನೋಡಿದರೆ ನಿನ್ನ ಸ್ಟೂಲಿನ ಮೇಲೆ ಒಂದು ಜೊತೆ ಹೊಸ ಕಾಲುಚೀಲ ಇದೆ. ಪೆಟ್ಟಿಗೆಯೇ ಆಚೆ ಹೋಯಿತಲ್ಲ, ಇನ್ನು ಗಾಳಿ ಎಲ್ಲಿಂದ ಎಂದು ಕೇಳಿದೆ. ಶುಕ್ರವಾರ ಯಾವ ರೈಲು, ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದಳು.